ನಿಮ್ಮ ಇನಿಶಿಯಲ್ ಯಾರದು?

ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಹಳೇ ಮೈಸೂರು ಕಡೆಯವರು ಒಂದು ಜಾಗದಲ್ಲಿ ಎಡವುತ್ತಾರೆ. 'ಗಿವನ್ ನೇಮ್' ಅಂತ ಒಂದು ಖಾನೆ, ಅದು ಸರಿ. ಜೊತೆಗೇ ಇನ್ನೊಂದು, 'ಸರ್‌ನೇಮ್'. ಅಲ್ಲಿ ಏನು ಬರೆಯೋದು? ನಮಗೆ ಇರುವುದು ಇನಿಶಿಯಲ್ ಮಾತ್ರ.

ನನ್ನ ಹೆಸರಿನ ಮುಂದೆ ಎರಡು ಅಕ್ಷರ ಇವೆ. ಮೊದಲನೆಯದು ಅಪ್ಪನ ಊರು. ಆ ಊರಿನಲ್ಲಿ ನಾನು ಒಂದು ರಾತ್ರಿಯೂ ಮಲಗಿಲ್ಲ. ಎರಡನೆಯದು ಅಪ್ಪನ ಹೆಸರು. ಅಮ್ಮ ಎಲ್ಲೂ ಇಲ್ಲ. ಹೆತ್ತವಳು ಅವಳು, ಹೆರಿಗೆ ಆಗಿದ್ದು ಅವಳ ತವರಿನಲ್ಲಿ, ಬಾಣಂತನ ಮಾಡಿದ್ದು ಅವಳಮ್ಮ. ಹೆಸರಿನಲ್ಲಿ ಮಾತ್ರ ಆ ಕಡೆಯವರಿಗೆ ಅರ್ಧಕ್ಷರದ ಜಾಗವೂ ಸಿಕ್ಕಿಲ್ಲ. ಇದು ನನಗೆ ಹೊಳೆದಿದ್ದು ಆ ಅರ್ಜಿ ತುಂಬಿದ ದಿನ. ಅಲ್ಲಿಯವರೆಗೆ ದಿನಾ ಸಹಿ ಹಾಕುತ್ತಲೇ ಇದ್ದೆ.

'ನಾನು ಯಾರು' ಅಂತ ಕೇಳಿದರೆ ನಾವು ಒಳಗೆ ಹುಡುಕುತ್ತೇವೆ. ಉತ್ತರದಲ್ಲಿ ಒಂದು ದೊಡ್ಡ ಪಾಲು ಹೊರಗೇ ಇರುತ್ತದೆ. ಹುಟ್ಟುವ ಮೊದಲೇ ಬೇರೆಯವರು ಬರೆದಿಟ್ಟಿರುತ್ತಾರೆ. ಗಂಡೋ ಹೆಣ್ಣೋ, ಯಾವ ಮನೆ, ಯಾವ ಸೀಮೆಯ ಪದ್ಧತಿ, ಈ ಮೂರೂ ಸೇರಿ ಒಬ್ಬ ಮನುಷ್ಯ ಹೇಗೆ 'ನಾನು' ಆಗುತ್ತಾನೆ ಅನ್ನುವುದು ಕೈಗೆ ಸಿಗದ ವಿಷಯ. ಅದಕ್ಕೇ ನಾನು ಹೆಸರನ್ನು ಹಿಡಿದುಕೊಂಡಿದ್ದೇನೆ. ಹೆಸರಿನಲ್ಲಿ ಈ ಮೂರೂ ಕಣ್ಣಿಗೆ ಕಾಣುವ ಹಾಗೆ ಇರುತ್ತವೆ.

ಕೂಸಿಗೆ ತನ್ನ ಹೆಸರು ಯಾವಾಗ ಗೊತ್ತಾಗುತ್ತದೆ? 1995ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ನಾಲ್ಕೂವರೆ ತಿಂಗಳ ಕೂಸುಗಳಿಗೆ ಬೇರೆ ಬೇರೆ ಹೆಸರು ಕೇಳಿಸಿದರು. ತಮ್ಮ ಹೆಸರು ಬಂದಾಗ ಅವು ಜಾಸ್ತಿ ಹೊತ್ತು ಕಿವಿಗೊಟ್ಟವು. ಇದು ನನ್ನನ್ನು ಕರೆಯುವ ಪದ ಅಂತ ಆಗಲೇ ತಿಳಿದಿರುತ್ತದೆ ಅಂತಲ್ಲ. ಸದ್ದಿನ ಗುರುತು, ಅಷ್ಟೆ. ಕನ್ನಡಿಯ ಲೆಕ್ಕ ಬೇರೆ. ಮಗುವಿಗೆ ಗೊತ್ತಾಗದ ಹಾಗೆ ಮೂಗಿಗೆ ಒಂಚೂರು ಬಣ್ಣ ಹಚ್ಚಿ ಕನ್ನಡಿ ಮುಂದೆ ಕೂರಿಸಿದರೆ, ಸುಮಾರು ಒಂದೂವರೆ ವರ್ಷ ಆಗುವವರೆಗೂ ಹೆಚ್ಚಿನ ಮಕ್ಕಳು ಕನ್ನಡಿಯೊಳಗಿನ ಮಗುವನ್ನೇ ನೋಡಿ ನಗುತ್ತವೆ. ಆಮೇಲೆ ಒಂದು ದಿನ ಕೈ ತಮ್ಮ ಮೂಗಿಗೇ ಹೋಗುತ್ತದೆ. ಅಂದರೆ ತನ್ನ ಮುಖದ ಗುರುತು ಸಿಗುವುದಕ್ಕೆ ಒಂದು ವರ್ಷ ಮೊದಲೇ, ಮನೆಯವರು ಕೂಗುವ ಸದ್ದಿನ ಗುರುತು ಸಿಕ್ಕಿರುತ್ತದೆ. ನಾವು ಮೊದಲು ಕರೆಸಿಕೊಳ್ಳುವವರು.

ಎರಡು ಮೂರು ವರ್ಷಕ್ಕೆ 'ನಾನು ಹುಡುಗಿ', 'ನಾನು ಹುಡುಗ' ಅನ್ನುವುದು ಬಾಯಿಗೆ ಬರುತ್ತದೆ. ಆದರೆ ಅದಿನ್ನೂ ಗಟ್ಟಿ ಇರುವುದಿಲ್ಲ. ಮೂರು ವರ್ಷದ ಹುಡುಗನಿಗೆ ಲಂಗ ತೊಡಿಸಿ ಹೂ ಮುಡಿಸಿದರೆ ತಾನು ಹುಡುಗಿಯಾಗಿಬಿಟ್ಟೆ ಅಂತ ನಿಜವಾಗಿಯೂ ಅನ್ನಿಸಬಹುದು. ಬಟ್ಟೆ ಬದಲಾದ ಮಾತ್ರಕ್ಕೆ ಇದು ಬದಲಾಗುವುದಿಲ್ಲ ಅಂತ ಹೆಚ್ಚಿನ ಮಕ್ಕಳಿಗೆ ಹೊಳೆಯುವುದು ಐದರಿಂದ ಏಳು ವರ್ಷದ ಸುಮಾರಿಗೆ. ಅಷ್ಟರಲ್ಲಿ ಯಾರು ಕಾಲು ಮಡಚಿ ಕೂರಬೇಕು, ಯಾರು ಅತ್ತರೆ ಜನ ನಗುತ್ತಾರೆ ಅನ್ನುವ ಪಾಠ ಮುಗಿದಿರುತ್ತದೆ. ಗಟ್ಟಿಯಾಗುವುದು ತಡ, ಪಾಠ ಶುರುವಾಗುವುದು ಬೇಗ.

ಇನ್ನು ಮನೆ. ಉತ್ತರ ಕರ್ನಾಟಕದ ತೊಟ್ಟಿಲ ಶಾಸ್ತ್ರ ನೋಡಿದವರಿಗೆ ಗೊತ್ತು, ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆಕೆ ಬಗ್ಗಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಮದುವೆಯಾಗಿ ಆ ಮನೆಯಿಂದ ಹೊರಗೆ ಹೋದವಳು, ಆ ಮನೆಯ ಹೊಸ ಕುಡಿಗೆ ಹೆಸರು ಕೊಡಲು ಸೀರೆ ಉಟ್ಟು ಬರುತ್ತಾಳೆ. ಒಂದು ದಿನದ ಅಧಿಕಾರ ಅನ್ನಿ.

ಹೆಸರು ಯಾವುದು ಅನ್ನುವುದು ಮಾತ್ರ ಬಹಳ ಮನೆಗಳಲ್ಲಿ ಮೊದಲೇ ನಿಕ್ಕಿ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಇಲ್ಲೊಂದು ಮಜಾ ಇದೆ. ಸೊಸೆ ಮಾವನ ಹೆಸರು ಹೇಳುವ ಹಾಗಿಲ್ಲ. ಆದರೆ ಮಗನಿಗೆ ಅದೇ ಹೆಸರು! ಹೇಗೆ ಕೂಗೋದು, ಹೇಗೆ ಬೈಯೋದು? ಹಾಗಾಗಿ ಹುಡುಗ 'ಪುಟ್ಟ' ಆದ, 'ಅಣ್ಣಯ್ಯ' ಆದ, 'ಅಪ್ಪಾಜಿ' ಆದ. ನಲವತ್ತು ದಾಟಿದ ಮೇಲೂ ಊರಿಗೆಲ್ಲ ಪುಟ್ಟಣ್ಣನಾಗಿಯೇ ಉಳಿದ ಗಂಡಸರು ನಿಮ್ಮ ಬಳಗದಲ್ಲೂ ಇರಬೇಕು. ದಾಖಲೆಯಲ್ಲಿ ಅವರು ತಾತ, ಅಡುಗೆಮನೆಯಲ್ಲಿ ಪುಟ್ಟ.

ಹೆಸರಿಗಿಂತ ಜಾಸ್ತಿ ಕೆಲಸ ಮಾಡುವುದು ಸಂಬಂಧದ ಪದಗಳು. ಇದು ಸ್ವಲ್ಪ ನಿಧಾನವಾಗಿ ನೋಡುವ ವಿಷಯ. 'ಅತ್ತೆ' ಅಂದರೆ ಯಾರು? ಅಪ್ಪನ ಅಕ್ಕತಂಗಿ. ಸೋದರಮಾವನ ಹೆಂಡತಿ. ಗಂಡನ ಅಥವಾ ಹೆಂಡತಿಯ ತಾಯಿ. ಮೂವರಿಗೂ ಒಂದೇ ಪದ. ಪದ ಕಮ್ಮಿ ಬಿದ್ದು ಹೀಗಾಗಿದ್ದಲ್ಲ. ಸೋದರತ್ತೆಯ ಮಗನನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವುದು ನಮ್ಮಲ್ಲಿ ರೂಢಿ. ಹಾಗಾದಾಗ ಅತ್ತೆಯೇ ಅತ್ತೆ ಆಗುತ್ತಾಳೆ. ಇನ್ನೊಂದು ಕಡೆ, ಅಪ್ಪನ ತಮ್ಮ ಚಿಕ್ಕಪ್ಪ. 'ಅಪ್ಪ' ಆ ಪದದಲ್ಲೇ ಕೂತಿದ್ದಾನೆ. ಅಮ್ಮನ ತಂಗಿ ಚಿಕ್ಕಮ್ಮ, ಅಲ್ಲಿ ಅಮ್ಮ ಇದ್ದಾಳೆ. ಅವರ ಮಕ್ಕಳು ನಮಗೆ ಅಣ್ಣ, ತಂಗಿ. ಅವರ ಜೊತೆ ಮದುವೆಯ ಮಾತೇ ಇಲ್ಲ.

ಸೂತ್ರ ಇಷ್ಟೇ. ಅಣ್ಣತಮ್ಮಂದಿರ ಮಕ್ಕಳು ಒಡಹುಟ್ಟಿದವರ ಹಾಗೆ. ಅಕ್ಕತಂಗಿಯರ ಮಕ್ಕಳೂ ಹಾಗೆ. ಆದರೆ ಅಣ್ಣನ ಮಕ್ಕಳು, ತಂಗಿಯ ಮಕ್ಕಳು ಮದುವೆಯಾಗಬಹುದು. ನಡುವೆ ನಿಂತವರು ಗಂಡೋ ಹೆಣ್ಣೋ ಅನ್ನುವುದರ ಮೇಲೆ, ಎದುರಿಗಿರುವವನು ನನ್ನ ಅಣ್ಣನೋ ವರನೋ ಅಂತ ತೀರ್ಮಾನ ಆಗಿರುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ ಕಸಿನ್. ಐದು ವರ್ಷದ ಕನ್ನಡದ ಹುಡುಗಿ ಒಬ್ಬನನ್ನು 'ಅಣ್ಣ' ಅಂದು, ಇನ್ನೊಬ್ಬನನ್ನು 'ಅತ್ತೆ ಮಗ' ಅನ್ನುವಾಗ ಗಂಡುಹೆಣ್ಣು, ಮನೆತನ, ಪದ್ಧತಿ ಮೂರನ್ನೂ ಒಂದೇ ಉಸಿರಿಗೆ ಕಲಿತುಬಿಟ್ಟಿರುತ್ತಾಳೆ. ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ.

ಬೇರೆ ಬೇರೆ ಸೀಮೆಯಲ್ಲಿ ಹೆಸರು ಬೇರೆ ಬೇರೆ ರೀತಿ ಮನೆಗೆ ಕಟ್ಟುತ್ತದೆ. ಧಾರವಾಡ, ಬೆಳಗಾವಿ ಕಡೆ ಅಡ್ಡಹೆಸರು: ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ, ಅಂಗಡಿ, ಬಡಿಗೇರ, ಪಾಟೀಲ, ಹಿರೇಮಠ. ಹಿಂದೆ ಯಾರೋ ಮಾರಿದ್ದು, ಮಾಡಿದ್ದು, ಆಳಿದ್ದು ಇವತ್ತಿನ ಸಾಫ್ಟ್‌ವೇರ್ ಎಂಜಿನಿಯರ್‌ನ ಬಾಲಕ್ಕೆ ಅಂಟಿಕೊಂಡಿದೆ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು ಬರುತ್ತದೆ. ಜನರಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಅಲ್ಲಿ 1997ರಿಂದ ನಡೆಯುವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ತಂಡಗಳೇ ಒಕ್ಕಗಳು. ಅಜ್ಜ, ಮೊಮ್ಮಗ ಒಂದೇ ಅಂಗಿ ತೊಟ್ಟು ಮನೆತನದ ಹೆಸರಿಗೆ ಆಡುತ್ತಾರೆ.

ಅಡ್ಡಹೆಸರಿಗೆ ಇನ್ನೊಂದು ಮುಖ ಇದೆ, ಗೊತ್ತಲ್ಲ. ಬಾಡಿಗೆ ಮನೆ ಹುಡುಕುವಾಗ ಓನರ್ ಹೆಸರು ಕೇಳಿ, ಸ್ವಲ್ಪ ಸುಮ್ಮನಿದ್ದು, 'ಅಂದ್ರೆ ನೀವು ಯಾವ ಕಡೆಯವರು?' ಅನ್ನುತ್ತಾರೆ. ಊರು ಕೇಳುತ್ತಿಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ. ತಮಿಳುನಾಡಿನಲ್ಲಿ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನದಲ್ಲಿ ಜಾತಿಸೂಚಕ ಹೆಸರು ಬಿಡಬೇಕು ಅಂತ ನಿರ್ಣಯವೇ ಆಯಿತು. ಬರೀ ಇನಿಶಿಯಲ್ ಇದ್ದರೆ ಜಾತಿ ಸ್ವಲ್ಪ ಮರೆಯಲ್ಲಿರುತ್ತದೆ. ನನ್ನ ಎರಡು ಅಕ್ಷರದ ಬಗ್ಗೆ ಗೊಣಗಿದೆನಲ್ಲ, ಈ ಒಂದು ಉಪಕಾರಕ್ಕೆ ಅವನ್ನು ನೆನೆಯಬೇಕು.

ಈಗ ಹೆಣ್ಣಿನ ಲೆಕ್ಕಕ್ಕೆ ಬರೋಣ. ಹಳ್ಳಿಗಳಲ್ಲಿ 'ಸಾಕಮ್ಮ' ಅನ್ನುವ ಹೆಸರು ಕೇಳಿರುತ್ತೀರಿ. ಸಾಕಿ ಬೆಳೆಸುವ ತಾಯಿ ಅಂತಲೂ ಆ ಹೆಸರು ಇಡುತ್ತಾರೆ. ಸಾಲಾಗಿ ಹೆಣ್ಣೇ ಹುಟ್ಟಿದಾಗ, ಇನ್ನು ಸಾಕು ತಾಯಿ ಅಂತಲೂ ಇಡುತ್ತಾರೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇದಕ್ಕಿಂತ ನೇರವಾದ ಹೆಸರಿತ್ತು, 'ನಕುಶಾ'. ಬೇಡವಾದವಳು ಅಂತ ಅರ್ಥ. 2011ರ ಅಕ್ಟೋಬರ್‌ನಲ್ಲಿ ಅಲ್ಲಿ 285 ಹುಡುಗಿಯರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರಿನ ಸರ್ಟಿಫಿಕೇಟ್ ಕೊಟ್ಟರು. ಅಲ್ಲಿಯವರೆಗೆ ಹಾಜರಿ ಕೂಗುವಾಗ ದಿನಾ ಆ ಹುಡುಗಿ 'ಬೇಡವಾದವಳು' ಅಂತ ಕರೆಸಿಕೊಂಡು 'ಹಾಜರ್' ಅಂದಿರಬೇಕು. ಸಣ್ಣ ಕಿವಿಗೆ ಬಿದ್ದ ಸದ್ದು ಮೊದಲು ಗುರುತಾಗುತ್ತದೆ ಅಂದೆನಲ್ಲ, ಅದನ್ನು ಇಲ್ಲಿಟ್ಟು ನೋಡಿ.

ಗಂಡಿಗೆ ಒಮ್ಮೆ ಇಟ್ಟ ಹೆಸರು ಸಾಮಾನ್ಯವಾಗಿ ಕೊನೆತನಕ ನಡೆಯುತ್ತದೆ. ಹೆಣ್ಣಿನ ಹೆಸರು ಮದುವೆಯವರೆಗೆ. ಕರಾವಳಿಯ, ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ತಟ್ಟೆಯಲ್ಲಿ ಅಕ್ಕಿ ಹರವಿ, ಅದರಲ್ಲಿ ಮದುಮಗಳ ಹೊಸ ಹೆಸರು ಬರೆಯುವ ಪದ್ಧತಿ ಇತ್ತು. ಅಡ್ಡಹೆಸರು ಮಾತ್ರ ಅಲ್ಲ, ಅಪ್ಪ ಅಮ್ಮ ಇಟ್ಟ ಹೆಸರೇ ಹೋಗುತ್ತಿತ್ತು. ನನ್ನ ಅಜ್ಜಿಯದೂ ಹೋಯಿತು. ಅವಳ ಎರಡು ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಅವಳ ಹೆಸರು ಬರುವುದು ಅವಳಿಗೆ ಇಷ್ಟವಿರಲಿಲ್ಲ.

ಹದಿನಾಲ್ಕಕ್ಕೆ ಮದುವೆ. ಅಲ್ಲಿಂದ ಅರವತ್ತು ವರ್ಷ ಹೊಸ ಹೆಸರಿನಲ್ಲೇ ಬದುಕಿದಳು. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬಾಗಿನ ತರುತ್ತಿದ್ದ ಅವಳ ತಮ್ಮ ಗೇಟಿನಲ್ಲೇ ಹಳೆಯ ಹೆಸರು ಕೂಗುತ್ತಿದ್ದ. ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದವಳು ಆ ಕೂಗಿಗೆ ಎದ್ದು ಬರುತ್ತಿದ್ದ ರೀತಿಯೇ ಬೇರೆ. ಧ್ವನಿ ಏರುತ್ತಿತ್ತು, ಏಕವಚನದಲ್ಲಿ ಜಗಳ, ಲೋಟ ಕುಕ್ಕಿ ನಗು. ತಮ್ಮ ಹೊರಟ ಮೇಲೆ ಅದೇ ಲೋಟ ತೊಳೆದು ಮತ್ತೆ ನಮ್ಮ ಅಜ್ಜಿ ಆಗುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದು ನಾಟಕದ ಹಾಗೆ ಕಾಣುತ್ತಿತ್ತು. ಯಾವುದು ನಾಟಕ ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಗಂಡನ ಹೆಸರು ಅವಳು ಹೇಳುತ್ತಲೇ ಇರಲಿಲ್ಲ. 'ರೀ', 'ನಮ್ಮನೆಯವ್ರು', ಅಷ್ಟೇ. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆಯವರ ಮುಖ ನೋಡುತ್ತಿದ್ದಳು. ಉತ್ತರ ಕರ್ನಾಟಕದ ಹೆಂಗಸರು ಇದಕ್ಕೊಂದು ಜಾಣ ದಾರಿ ಮಾಡಿಕೊಂಡಿದ್ದಾರೆ. ಮದುವೆ, ಆರತಿಯಲ್ಲಿ ಒಡಪು ಕಟ್ಟಿ, ಪ್ರಾಸದ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಿಬಿಡುತ್ತಾರೆ. ಸೀದಾ ಹೇಳಿದರೆ ತಪ್ಪು, ಪದ್ಯದಲ್ಲಿ ಹೇಳಿದರೆ ಚಪ್ಪಾಳೆ.

ಲೇಖಕಿ ವೈದೇಹಿಯವರ ಹೆಸರಿನ ಕಥೆ ಇದಕ್ಕೆ ಸರಿಯಾದ ಉದಾಹರಣೆ. ಹುಟ್ಟಿದಾಗ ವಸಂತಿ. ಮದುವೆಯ ಮೇಲೆ ಜಾನಕಿ. ಒಮ್ಮೆ ವಾರಪತ್ರಿಕೆಯೊಂದಕ್ಕೆ ಕಥೆ ಕಳಿಸಿದರು. ಅದರಲ್ಲಿ ನಿಜದ ಸಂಗತಿ ಇತ್ತು, ಹಾಗಾಗಿ ಹಾಕಬೇಡಿ ಅಂತ ಮತ್ತೆ ಬರೆದರು. ಸಂಪಾದಕರು ಕಥೆ ಬಿಡಲಿಲ್ಲ, 'ವೈದೇಹಿ' ಅಂತ ಹೆಸರು ಬದಲಿಸಿ ಹಾಕಿದರು. ಮೂರು ಹೆಸರು, ಮೂರನ್ನೂ ಕೊಟ್ಟವರು ಬೇರೆಯವರು. ಆದರೆ ಮೂರನೆಯದನ್ನು ಅವರು ಬರೆದು ಬರೆದು ತಮ್ಮದು ಮಾಡಿಕೊಂಡರು.

ಹೆಸರು, ಮನೆತನ ಎಲ್ಲ ಅಪ್ಪನ ಕಡೆಯಿಂದಲೇ ಬರುವುದು ಸೃಷ್ಟಿಯ ನಿಯಮವೇನೋ ಅನ್ನಿಸಿದರೆ ಒಮ್ಮೆ ಘಟ್ಟ ಇಳಿಯಿರಿ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರಲ್ಲಿ 'ಬರಿ', ಅಂದರೆ ಗೋತ್ರದ ಹಾಗೆ ವಂಶದ ಗುರುತು, ಬರುವುದು ತಾಯಿಯಿಂದ. ಅಪ್ಪನ ಬರಿ ಬೇರೆ, ಮಕ್ಕಳ ಬರಿ ಬೇರೆ. ಒಂದೇ ಬರಿಯವರು ಮದುವೆಯಾಗುವ ಹಾಗಿಲ್ಲ. ಅಳಿಯಸಂತಾನ ಅಂದರೆ ಇದೇ, ಆಸ್ತಿ ಮಗನಿಗಲ್ಲ, ತಂಗಿಯ ಮಗನಿಗೆ. ಇದಕ್ಕೆ ಅಲ್ಲಿ ಒಂದು ಐತಿಹ್ಯ ಹೇಳುತ್ತಾರೆ. ಕುಂದೋದರ ಅನ್ನುವ ಭೂತ ಅರಸನ ಮಗನನ್ನು ಬಲಿ ಕೇಳಿತು. ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು. ಅವನೇ ಭೂತಾಳ ಪಾಂಡ್ಯನಾಗಿ ಆಳಿ ಈ ಕಟ್ಟಳೆ ಮಾಡಿದ. ಇತಿಹಾಸ ಅಂತ ಒಪ್ಪಬೇಕಿಲ್ಲ, ಆದರೆ ತಾಯಿಯ ಕಡೆಯಿಂದ ಎಣಿಸುವುದಕ್ಕೆ ಆ ಸಮಾಜಕ್ಕೆ ಒಂದು ಕಥೆ ಬೇಕಿತ್ತು ಅನ್ನುವುದು ನಿಜ.

ಹಾಗಂತ ತುಳುನಾಡು ಹೆಂಗಸರ ರಾಜ್ಯ ಅಂದುಕೊಳ್ಳಬೇಡಿ. ಮನೆಯ ಹಿರಿಯ ಹೆಣ್ಣು ಯಜಮಾನ್ತಿ ಆಗಲು ಅವಕಾಶ ಇತ್ತು, ಆದರೆ ಬಹಳ ಕಡೆ ಲೆಕ್ಕ ಪುಸ್ತಕ ಇದ್ದದ್ದು ಸೋದರಮಾವನ ಕೈಯಲ್ಲಿ. ವಂಶ ಹೆಣ್ಣಿನ ಮೂಲಕ ಹರಿಯುವುದು ಒಂದು, ಅಧಿಕಾರ ಹೆಣ್ಣಿನ ಹತ್ತಿರ ಇರುವುದು ಇನ್ನೊಂದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು. ಬರಿ ಈಗಲೂ ತಾಯಿಯದೇ.

ಘಟ್ಟದ ಮೇಲೂ ತಾಯಿಯ ಹೆಸರು ಹಿತ್ತಿಲ ಬಾಗಿಲಿನಿಂದ ಬಂದದ್ದುಂಟು. ಕುವೆಂಪು ಹುಟ್ಟಿದ್ದು 1904ರಲ್ಲಿ, ತಾಯಿಯ ತವರು ಹಿರೇಕೊಡಿಗೆಯಲ್ಲಿ. 'ಕು' ಮಾತ್ರ ಅಪ್ಪನ ಊರು ಕುಪ್ಪಳಿ, 'ವೆಂ' ಅಪ್ಪ ವೆಂಕಟಪ್ಪ. ಅದು ಎಲ್ಲರ ಹಾಗೆ. ಬೇಂದ್ರೆಯವರು ಹಾಗೆ ಮಾಡಲಿಲ್ಲ. ದಾಖಲೆಗೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಅಂದರೆ ರಾಮಚಂದ್ರರ ಮಗ. ಕವಿತೆಗೆ ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಮನೆಮಾತು ಮರಾಠಿ, ಬರೆದದ್ದು ಮುಖ್ಯವಾಗಿ ಕನ್ನಡದಲ್ಲಿ. ಅಪ್ಪನ ಮಗನಾಗಿ ಸಂಬಳ ಎಣಿಸಿ, ಅವ್ವನ ಮಗನಾಗಿ ಹಾಡಿದರು.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವಾ? ಇದೆ. ಹದಿಹರೆಯದ ಗೊಂದಲಕ್ಕೆ 'ಐಡೆಂಟಿಟಿ ಕ್ರೈಸಿಸ್' ಅಂತ ಹೆಸರು ಕೊಟ್ಟ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಅವರದೇ ಕಥೆ ಕೇಳಿ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ತಾಯಿ ಡೆನ್ಮಾರ್ಕಿನ ಯಹೂದಿ. ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆವರೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರು ಹೊಂಬರ್ಗರ್, ಹಾಗಾಗಿ ಎರಿಕ್ ಹೊಂಬರ್ಗರ್. ಎತ್ತರ, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಯಹೂದಿ ಮಂದಿರದಲ್ಲಿ ಇವನು ಹೊರಗಿನವನು ಅಂತ ಗೇಲಿ, ಶಾಲೆಯಲ್ಲಿ ಇವನು ಯಹೂದಿ ಅಂತ ಗೇಲಿ. ಅಮೆರಿಕಕ್ಕೆ ಹೋಗಿ, 1939ರಲ್ಲಿ ಅಲ್ಲಿನ ಪೌರತ್ವ ಸಿಕ್ಕಾಗ ಹೊಸ ಸರ್‌ನೇಮ್ ಇಟ್ಟುಕೊಂಡರು, ಎರಿಕ್ಸನ್. ಎರಿಕ್‌ನ ಮಗ! ತನ್ನ ಇನಿಶಿಯಲ್ ತಾನೇ ಆದ ಮನುಷ್ಯ.

ಅವರ ದಾರಿಯಲ್ಲಿ ನಡೆದ ಜೇಮ್ಸ್ ಮಾರ್ಸಿಯಾ 1966ರಲ್ಲಿ ಒಂದು ಉಪಯೋಗಕ್ಕೆ ಬರುವ ಮಾತು ಹೇಳಿದರು. ಹರೆಯದವರನ್ನು ಎರಡು ಪ್ರಶ್ನೆಯಿಂದ ಅಳೆಯಬಹುದು: ಹುಡುಕಿ ನೋಡಿದ್ದಾರಾ, ಒಂದು ಕಡೆ ನಿಂತಿದ್ದಾರಾ? ಹುಡುಕದೇ ನಿಂತವರು ನಮ್ಮಲ್ಲಿ ಕಣ್ಣಿಗೆ ಬೇಗ ಬೀಳುತ್ತಾರೆ. ಎಂಜಿನಿಯರಿಂಗ್ ಸೀಟು, ಅಪ್ಪ ತೋರಿಸಿದ ವರ, ಮನೆದೇವರು, ಎಲ್ಲ ಕೈಗಿಟ್ಟದ್ದು, ತೆಗೆದುಕೊಂಡದ್ದು. ಇವರು ಅಸುಖಿಗಳು ಅಂತಲ್ಲ. ಎಷ್ಟೋ ಜನ ನೆಮ್ಮದಿಯಾಗಿಯೇ ಇರುತ್ತಾರೆ. 'ನಮ್ಮವರು ಕುಟುಂಬಕ್ಕೆ ಬದುಕುತ್ತಾರೆ, ಅಮೆರಿಕದವರು ತಮಗಾಗಿ ಬದುಕುತ್ತಾರೆ' ಅನ್ನುವ ಮಾತಿನಲ್ಲೂ ನಿಜ ಇದೆ, ಆದರೆ ಅದನ್ನು ಹಿಗ್ಗಿಸಿ ಹೇಳುವವರೇ ಜಾಸ್ತಿ. ನನ್ನ ಅಜ್ಜಿಗೂ ತನ್ನದೇ ಅನ್ನುವ ಒಂದು 'ನಾನು' ಇತ್ತು. ಅದು ಹಬ್ಬಕ್ಕೊಮ್ಮೆ ಗೇಟಿನವರೆಗೆ ಬರುತ್ತಿತ್ತು, ಅಷ್ಟೆ.

ಕೈಗಿಟ್ಟದ್ದು ಮೈಗೆ ಒಪ್ಪದೇ ಹೋದರೆ? ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿ ಅಂತ ಹುಟ್ಟಿದ ಮಗುವಿಗೆ ಹರೆಯಕ್ಕೆ ಬರುವ ಹೊತ್ತಿಗೆ ತಾನು ಗಂಡಲ್ಲ ಅನ್ನುವುದು ಖಚಿತವಾಗಿತ್ತು. ಮನೆಯವರು ಹುಲಿಗೆಮ್ಮನ ಸನ್ನಿಧಿಗೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿ ದೇವಿಗೆ ಒಪ್ಪಿಸಿದರು. ಇಲ್ಲಿ ಪದ್ಧತಿ ಎರಡು ಕೆಲಸ ಮಾಡಿತು. ಇಂಥವರಿಗೆ ನಮ್ಮ ನಾಡಿನಲ್ಲಿ ಹಳೆಯ ಕಾಲದಿಂದ ಒಂದು ಜಾಗ ಇದೆ, ದೇವಿಯ ಜೋಗಪ್ಪ, ಜೋಗತಿ ಅಂತ. ಆ ಜಾಗ ಸಿಕ್ಕಿತು. ಮನೆ ಹೋಯಿತು. ಭಿಕ್ಷೆ ಬೇಡಿದರು, ಸಾಯಲು ಹೊರಟು ಬದುಕಿದರು, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ, ಸೆರಗು ಹಿಡಿದು ರಾಷ್ಟ್ರಪತಿಯವರಿಗೇ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು.

ಪ್ರಶಸ್ತಿ ಪಡೆದ ಹೆಸರನ್ನು ಗಮನಿಸಿ, ಮಂಜಮ್ಮ ಜೋಗತಿ. ಮಂಜುನಾಥ ಹೋಗಿ ಮಂಜಮ್ಮ ಬಂತು. ಶೆಟ್ಟಿ ಇದ್ದ ಜಾಗಕ್ಕೆ ಜೋಗತಿ ಬಂತು. ಅಪ್ಪನ ಮನೆ ಕೊಟ್ಟ ಅಡ್ಡಹೆಸರಿನ ಕಡೆ ಈಗ ನಿಂತಿರುವುದು ಕಲಿತ ವಿದ್ಯೆಯ, ಸೇರಿದ ಬಳಗದ ಹೆಸರು.

ಕಾನೂನು ಇದರ ಹಿಂದೆ ಹಿಂದೆ ಬರುತ್ತಿದೆ. ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಮದುವೆಯಾಗದ ತಾಯಿ ಮಗುವಿನ ತಂದೆಯ ಹೆಸರು ಹೇಳದೆಯೇ ಪೋಷಕಿ ಆಗಬಹುದು ಅಂತ 2015ರಲ್ಲಿ. ಪಾಸ್‌ಪೋರ್ಟ್‌ಗೆ ಅಪ್ಪ ಅಥವಾ ಅಮ್ಮ, ಒಬ್ಬರ ಹೆಸರಿದ್ದರೆ ಸಾಕು ಅಂತ 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು.

ಖಾನೆಗಳ ಕಾಟ ಮಾತ್ರ ತಪ್ಪಿಲ್ಲ. ಇನಿಶಿಯಲ್ ಬಿಡಿಸಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಕೊಂಡು ಹೋದ ನಮ್ಮ ಹುಡುಗಿಯರನ್ನು ಅಮೆರಿಕದ ಆಸ್ಪತ್ರೆಯ ಕೌಂಟರಿನಲ್ಲಿ 'ಮಿಸ್ ವೆಂಕಟೇಶ್' ಅಂತ ಕೂಗುತ್ತಾರೆ. ಊರ ಹೆಸರು ಹಾಕಿದವರು 'ಮಿಸ್ಟರ್ ಹೊಳಲ್ಕೆರೆ'. ಇನ್ನು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಅದು ಸರ್‌ನೇಮ್ ಖಾನೆಯಲ್ಲಿ ಕೂತಿದ್ದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚಾಗುತ್ತದೆ. 'ಫಸ್ಟ್ ನೇಮ್ ಅನ್‌ನೋನ್', ಹೆಸರು ಗೊತ್ತಿಲ್ಲ ಅಂತ. ಅಜ್ಜಂದಿರ ಹೆಸರು, ಅತ್ತೆಯ ಗುದ್ದು, ಕಿವಿಯಲ್ಲಿ ಹೇಳಿದ್ದು, ಎಲ್ಲ ಮೂರು ಇಂಗ್ಲಿಷ್ ಅಕ್ಷರಕ್ಕೆ ಬಂದು ನಿಂತಿತು.

ಮೊನ್ನೆ ನನ್ನ ಮಗಳ ಕ್ಲಾಸಿನಲ್ಲಿ ಅದೇ ಹೆಸರಿನ ಇನ್ನೊಬ್ಬಳು ಸೇರಿದಳು. ಇಬ್ಬರಿಗೂ ಇನಿಶಿಯಲ್ ಬರೆದು ಕಳಿಸಿ ಅಂತ ಮಿಸ್ ಡೈರಿಯಲ್ಲಿ ಬರೆದಿದ್ದರು. ನಾನು ಇಷ್ಟೆಲ್ಲ ಯೋಚಿಸಿದ್ದವಳು, ಅವಳನ್ನು ಕೂರಿಸಿಕೊಂಡು ಕೇಳಿದೆ. ಅಪ್ಪನ ಅಡ್ಡಹೆಸರು ಹಾಕೋಣವಾ, ನನ್ನ ಹೆಸರಿನ ಅಕ್ಷರ ಹಾಕೋಣವಾ? ಅವಳು ಪೆನ್ಸಿಲ್ ಕೆರೆಯುತ್ತಲೇ ಹೇಳಿದಳು:

"ಆ ಹುಡುಗೀದು ಎಸ್ ಅಂತೆ ಅಮ್ಮ. ನಂಗೆ ಎಸ್ ಬೇಡ. ಇನ್ನೇನಾದ್ರೂ ಹಾಕು."

ನನ್ನ ಗಂಡನ ಅಡ್ಡಹೆಸರು ಶುರುವಾಗುವುದು ಎಸ್‌ನಿಂದ.